ಕೊನೆಯ ಪ್ಯಾರಾದ ಸವಾರ

ಪತ್ರಿಕಾ ಕಚೇರಿಗಳಲ್ಲಿ ಪ್ರಸಿದ್ಧರ ಮರಣವಾರ್ತೆಯನ್ನು ಅವರು ಬದುಕಿರುವಾಗಲೇ ಬರೆದಿಟ್ಟುಕೊಳ್ಳುತ್ತಾರೆ. ಹೊರಗಿನವರಿಗೆ ಇದು ಕ್ರೂರವೆನಿಸಬಹುದು. ನಮಗೆ ಅದು ಸಾರಿನ ಪುಡಿ ಮಾಡಿ ಡಬ್ಬಿಗೆ ತುಂಬಿಟ್ಟ ಹಾಗೆ. ಸುದ್ದಿ ಬಂದ ದಿನ ಊರು, ವಯಸ್ಸು, ಕಾಯಿಲೆ ಸೇರಿಸಿದರೆ ಪುಟಕ್ಕೆ ಸಿದ್ಧ. ಎರಡು ಸಾವಿರದ ದಶಕದ ನಡುವಿನಲ್ಲಿ ನಾನು ಸಿಂಗಪುರದ ಒಂದು ಇಂಗ್ಲಿಷ್ ಪತ್ರಿಕೆಯ ಸಿನಿಮಾ ಪುಟದಲ್ಲಿದ್ದೆ. ಹಾಗೆ ಬರೆದಿಟ್ಟವುಗಳಲ್ಲಿ ಹಳೆಯ ಹಾಲಿವುಡ್ ಕೌಬಾಯ್ ನಟನೊಬ್ಬನ ಮರಣವಾರ್ತೆಯೂ ಇತ್ತು. ಅದನ್ನು ಬರೆದವಳು ನಾನು.

ಅವನ ತಂದೆ ಗೋಧಿ ಗೋದಾಮಿನ ಗುಮಾಸ್ತ. ಮಗ ಲಾರಿ ಓಡಿಸುತ್ತಿದ್ದ. ಅವನ ಎತ್ತರ ಮತ್ತು ದವಡೆ ಸ್ಟುಡಿಯೋದವರೊಬ್ಬರ ಕಣ್ಣಿಗೆ ಬಿತ್ತು. ಅವರು ಅವನ ಹೆಸರು ಬದಲಿಸಿದರು, ಹುಟ್ಟೂರು ಬದಲಿಸಿದರು, ಗುಮಾಸ್ತ ತಂದೆಯನ್ನು ದನದ ಹಿಂಡಿನ ಒಡೆಯನನ್ನಾಗಿ ಮಾಡಿದರು. ಕುದುರೆಯನ್ನು ಅವನು ಮೊದಲು ಮುಟ್ಟಿದ್ದೇ ಸ್ಟುಡಿಯೋದ ಹಿತ್ತಲಲ್ಲಿ. ಆಮೇಲೆ ಇಪ್ಪತ್ತು ವರ್ಷ ಕುದುರೆಯಿಂದ ಇಳಿಯಲಿಲ್ಲ. ಪರದೆಯ ಮೇಲಂತೂ ಇಳಿಯಲಿಲ್ಲ. ಕಡಿಮೆ ಮಾತು, ಓರೆ ಟೋಪಿ, ಸಂಜೆಯ ಬೆಳಕಿನಲ್ಲಿ ಒಬ್ಬಂಟಿ ಸವಾರ. ಜನರ ರುಚಿ ಬದಲಾದಾಗ ಟೆಲಿವಿಷನ್‌ಗೆ ಹೋದ, ಆಮೇಲೆ ತಲೆನೋವಿನ ಮಾತ್ರೆಯ ಜಾಹೀರಾತಿಗೆ. ಮದುವೆಗಳು ಮುರಿದವು. ಕುಡಿತ ಹಿಡಿಯಿತು, ಬಿಟ್ಟಿತು. ಮುದುಕನಾದ ಮೇಲೆ ಸಂದರ್ಶನಗಳಲ್ಲಿ ಒಂದೇ ಮಾತು: "ನನ್ನ ಸಾಹಸಗಳನ್ನೆಲ್ಲ ನಾನೇ ಮಾಡಿದೆ."

ಅವುಗಳಲ್ಲಿ ಅತಿ ಪ್ರಸಿದ್ಧವಾದದ್ದು ಅಮೆರಿಕದಲ್ಲಿ ನಡೆದದ್ದಲ್ಲ. ಕೌಬಾಯ್ ವೇಷದಿಂದ ಬಿಡುವು ತೆಗೆದುಕೊಂಡು ಅವನು ಬೇಟೆಗಾರನಾಗಿ ನಟಿಸಿದ ಕಾಡಿನ ಚಿತ್ರವೊಂದಿದೆ. ಅದರ ಚಿತ್ರೀಕರಣಕ್ಕೆ ತಂಡ ಮೈಸೂರಿಗೆ ಬಂದಿತ್ತು. ನಂಜನಗೂಡಿನ ಆಚೆ, ಎತ್ತರದ ದಡದಿಂದ ಕಪಿಲಾ ನದಿಗೆ ಕುದುರೆಸಮೇತ ಹಾರುವ ದೃಶ್ಯ. ಅವನ ಕುರಿತು ಯಾರೇ ಬರೆದರೂ ಆ ಹಾರಾಟದಿಂದ ಶುರು ಮಾಡುತ್ತಿದ್ದರು.

ನಿಜವಾಗಿ ಹಾರಿದವರು ಸಿಂಗಪುರದಲ್ಲೇ, ಪುಂಗೋಲ್ ಬಡಾವಣೆಯ ಮಗಳ ಮನೆಯಲ್ಲಿದ್ದರು.

ನನಗೆ ಅವರ ಪರಿಚಯವಾದದ್ದು ಯುಗಾದಿ ಊಟದಲ್ಲಿ. ಆಗಷ್ಟೇ ಎದ್ದಿದ್ದ ಹೊಸ ಬ್ಲಾಕಿನ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಕಂಬಗಳ ನಡುವಿನ ಖಾಲಿ ನೆಲದಲ್ಲಿ, ನಮ್ಮವರು ಕೆಲವು ಕುಟುಂಬಗಳು ಸೇರಿದ್ದೆವು. ನಮ್ಮದು ಗದಗದ ಕಡೆ, ಉಳಿದವರು ಹೆಚ್ಚಾಗಿ ಬೆಂಗಳೂರು, ಮೈಸೂರು. ಟುವಾಸ್‌ನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ನನ್ನ ಗಂಡ ನೇರ ಅಲ್ಲಿಗೇ ಬಂದಿದ್ದರು. ನಾನು ಸಿನಿಮಾ ಪುಟದವಳೆಂದು ತಿಳಿದ ಕೂಡಲೇ ಎಲೆ ಮುಂದೆ ಕೂತಿದ್ದ ಹಿರಿಯರೊಬ್ಬರು ಎದ್ದು ಎಡಗಾಲು ಎಳೆಯುತ್ತ ಬಂದರು.

"ಅವನು ಇನ್ನೂ ಇದಾನೇನಮ್ಮಾ?" ಎಂದು ಆ ನಟನ ಹೆಸರು ಹೇಳಿ ಕೇಳಿದರು.

ಅವರ ಅಳಿಯ ನಕ್ಕ. ಒನ್-ನಾರ್ತ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. "ಮಾವ, ಹಾಲಿವುಡ್ ಫೈಲ್ ಓಪನ್ ಮಾಡ್ಬೇಡಿ ಪ್ಲೀಸ್. ಪಾಯಸ ಆರೋಗುತ್ತೆ." ಮೊಮ್ಮಗಳು ಪಕ್ಕದಿಂದ, "ತಾತ, ಎವ್ರಿಬಡಿ ಹಿಯರ್ಡ್ ಆಲ್ರೆಡಿ ಲಾ," ಎಂದಳು. ಸುತ್ತಲಿದ್ದವರೂ ನಕ್ಕರು. ಅದು ದ್ವೇಷದ ನಗೆಯಲ್ಲ, ಅಭ್ಯಾಸದ ನಗೆ. ಮನೆಗೆ ಬಂದವರೆದುರಿಗೆಲ್ಲ ಅವರಿಂದ ಆ ಹಾರಾಟದ ಕಥೆ ಹೇಳಿಸಿ ನಗುವುದು ಅಲ್ಲಿ ವಾಡಿಕೆಯಾಗಿಬಿಟ್ಟಿತ್ತು.

ಮುಂದೊಂದು ಭಾನುವಾರ ಅಳಿಯ ಹೊಸದಾಗಿ ತಂದ ದೊಡ್ಡ ಟಿವಿಯಲ್ಲಿ ಆ ಚಿತ್ರದ ಡಿವಿಡಿ ಹಾಕಿದ. ನನ್ನನ್ನೂ ಕರೆದಿದ್ದರು. ಕುದುರೆ ದಡದತ್ತ ಓಡುವಾಗ ತೆರೆಯ ತುಂಬ ನಟನ ಮುಖ. ಅಳಿಯ ಚಿತ್ರ ನಿಲ್ಲಿಸಿದ.

"ನೋಡಿ ಮಾವ, ಕ್ಲಿಯರ್ ಆಗಿ ಅವನೇ ಇದಾನೆ. ಇನ್ನೇನ್ ಬೇಕು?"

"ಅದು ಮರದ ಕುದುರೆ ಅಳಿಯಂದ್ರೇ. ಅವರೂರಲ್ಲಿ ಕೂರಿಸಿ ತೆಗೆದಿರೋದು."

ಮನೆಯೆಲ್ಲ ಘೊಳ್ಳೆಂದಿತು. ಅಳಿಯ ಸೋಫಾದ ಕೈ ಮೇಲೆ ಕುಳಿತು ಲಗಾಮು ಹಿಡಿದವನಂತೆ ತೂಗಾಡಿ ತೋರಿಸಿದ. ಹಿರಿಯರೂ ನಕ್ಕರು. ಆಮೇಲೆ ನನ್ನನ್ನು ಬಾಲ್ಕನಿಗೆ ಕರೆದು ಮೆಲ್ಲಗೆ ಹೇಳಿದರು: "ನಗಲಿ ಬಿಡಮ್ಮ. ಮಗು ಮಾತ್ರ ನನ್ನ ಸುಳ್ಳುಗಾರ ಅಂದ್ಕೊಂಡು ದೊಡ್ಡೋಳಾಗ್ತಾ ಇದಾಳಲ್ಲ, ಅದೊಂದು. ಎಲ್ಲಾದ್ರೂ ಅಚ್ಚಾದ್ರೆ ಇವರು ನಂಬ್ತಾರೆ."

ಅವರು ಕೇಳಿದ್ದು ಅಷ್ಟೇ.

ಕೇಳಿದ್ದನ್ನೆಲ್ಲ ಅಚ್ಚು ಹಾಕುವುದು ನನ್ನ ಕೆಲಸವಲ್ಲ. ಇನ್ನೊಬ್ಬರ ಬಾಯಿಂದ ಅದೇ ಮಾತು ಬರಬೇಕು. ಆ ಚಿತ್ರಕ್ಕೆ ಕ್ಯಾಮೆರಾ ಸಹಾಯಕರಾಗಿದ್ದ ಒಬ್ಬರು ಚೆನ್ನೈನಲ್ಲಿ ಬದುಕಿದ್ದಾರೆಂದು ಪತ್ತೆಯಾಯಿತು. ಫೋನ್ ಮಾಡಿದೆ. ನಾನು ಪ್ರಶ್ನೆ ಮುಗಿಸುವ ಮೊದಲೇ ಅವರು ಆ ಸವಾರನ ಹೆಸರು ಹೇಳಿದರು. ನಟ ಹಾರುವುದಕ್ಕೆ ವಿಮೆಯವರು ಒಪ್ಪಿರಲಿಲ್ಲ. ಮೈಸೂರಿನ ಕುದುರೆಲಾಯದಿಂದ ಬಂದ ತರುಣನಿಗೆ ನಟನ ಅಂಗಿ, ಟೋಪಿ ತೊಡಿಸಿದರು. ಮೊದಲ ಹಾರಾಟ ಚೆನ್ನಾಗಿಯೇ ಬಂತು. ಮೋಡ ಅಡ್ಡ ಬಂದಿತ್ತೆಂದು ಎರಡನೆಯ ಸಲ ಹಾರಿಸಿದರು. ಕುದುರೆ ಬಂಡೆಗೆ ಜಾರಿತು, ಸವಾರನ ಸೊಂಟ ಮುರಿಯಿತು. ನಟ ಡೇರೆಯಲ್ಲಿ ಚಹಾ ಕುಡಿಯುತ್ತಿದ್ದ. ಕೂಗು ಕೇಳಿ ಓಡಿ ಬಂದ, ತಾನೇ ಒಂದು ಕಡೆ ಹೆಗಲು ಕೊಟ್ಟು ಜೀಪಿಗೆ ಹತ್ತಿಸಿದ. ಅಂದರೆ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಜೀವನವಿಡೀ "ನಾನೇ ಮಾಡಿದೆ" ಎಂದ.

ನಾನು ಮರಣವಾರ್ತೆಯನ್ನು ತಿದ್ದಿದೆ. ಮೂರನೆಯ ಪ್ಯಾರಾದಲ್ಲಿ, ಹಾರಾಟದ ಮಾತು ಬಂದ ಕಡೆಯೇ, ಹಾರಿದವರ ಹೆಸರು, ಊರು, ಮುರಿದ ಸೊಂಟ, ಈಗ ಪುಂಗೋಲ್‌ನಲ್ಲಿರುವ ಸಂಗತಿ ಸೇರಿಸಿದೆ. ಹಿರಿಯರಿಗೆ ಹೇಳಿದಾಗ ಅವರ ಮುಖ ಅರಳಲಿಲ್ಲ.

"ಅಂದ್ರೆ ಅವನು ಸಾಯ್ಲಿ ಅಂತ ನಾನು ಕಾಯ್ಬೇಕಾ?"

"ಬೇರೆ ಲೇಖನವಾಗಿ ಈಗಲೇ ಬರೀತೀನಿ ಅಂತ ಕೇಳ್ದೆ, ನಮ್ಮ ಪುಟದ ಮುಖ್ಯಸ್ಥರು ಒಪ್ಪಲಿಲ್ಲ. ಮುದುಕರ ಕಥೆ ಯಾರು ಓದ್ತಾರೆ ಅಂದ್ರು."

"ಸರಿ ಹಾಗಾದ್ರೆ. ನಾನು ಮೊದಲು ಹೋಗ್ತೀನೋ ಅವನು ಮೊದಲು ಹೋಗ್ತಾನೋ, ಇದೊಂದು ರೇಸು," ಎಂದು ನಕ್ಕರು.

ನಟ ಮೊದಲು ಹೋದ. ಸುದ್ದಿ ಮಧ್ಯಾಹ್ನವೇ ಬಂತು. ನಾನು ಊರು, ಕಾಯಿಲೆ ಸೇರಿಸಿ ಪ್ರತಿಯನ್ನು ಪುಟದ ಮುಖ್ಯಸ್ಥನಿಗೆ ಕಳಿಸಿದೆ, ಪುಂಗೋಲ್‌ಗೆ ಫೋನ್ ಮಾಡಿದೆ. ನಾಳೆ ಬರುತ್ತದೆ ಎಂದೆ.

ಇಲ್ಲಿ ನಮ್ಮ ಕಸುಬಿನ ಒಂದು ರೂಢಿ ಹೇಳಬೇಕು. ಮುಖ್ಯವಾದದ್ದನ್ನು ಮೇಲೆ ಬರೆಯುತ್ತೇವೆ, ಅಷ್ಟು ಮುಖ್ಯವಲ್ಲದ್ದನ್ನು ಕೆಳಗೆ. ಪುಟದಲ್ಲಿ ಜಾಗ ಸಾಲದೆ ಹೋದರೆ ಕೆಳಗಿನಿಂದ ಕತ್ತರಿಸುತ್ತೇವೆ. ಯಾರೂ ಓದಿ ನೋಡುವುದಿಲ್ಲ, ಯಾರನ್ನೂ ಕೇಳುವುದಿಲ್ಲ. ಕೊನೆಯ ಪ್ಯಾರಾ ಎಂದರೆ ಹೋಗುವುದಕ್ಕೇ ಇರುವ ಪ್ಯಾರಾ.

ಸಂಜೆ ಪುಟ ತೆರೆದು ನೋಡಿದೆ. ಮೂರನೆಯ ಪ್ಯಾರಾದಲ್ಲಿದ್ದ ಸವಾರ ಕೊನೆಯ ಪ್ಯಾರಾಕ್ಕೆ ಹೋಗಿದ್ದರು. ಅವರಿದ್ದ ಜಾಗದಲ್ಲಿ ಸುದ್ದಿಸಂಸ್ಥೆಯ ಒಂದು ವಾಕ್ಯ ಕೂತಿತ್ತು: ತನ್ನ ಸಾಹಸಗಳನ್ನೆಲ್ಲ ತಾನೇ ಮಾಡಿದ ನಟ.

ಮುಖ್ಯಸ್ಥನ ಮೇಜಿಗೆ ಹೋದೆ. "ಈ ವಾಕ್ಯ ಸುಳ್ಳು. ಸುಳ್ಳು ಅನ್ನೋದು ಇದೇ ಲೇಖನದ ಕೊನೆಯಲ್ಲಿದೆ. ನೀವು ಓದಿದ್ದೀರಿ," ಎಂದೆ.

"ಜನ ಅವನನ್ನ ನೆನಪಿಟ್ಟುಕೊಂಡಿರೋದೇ ಹಾಗೆ," ಎಂದ ಅವನು, ತೆರೆಯಿಂದ ಕಣ್ಣು ತೆಗೆಯದೆ. "ನಿಮ್ಮ ಕುದುರೆಯವರನ್ನ ತೆಗೆದಿಲ್ಲವಲ್ಲ. ಇದ್ದಾರೆ. ನೋಡಿ, ಇಲ್ಲೇ ಇದ್ದಾರೆ."

"ಮೇಲಕ್ಕೆ ಹಾಕಿ."

"ಮೇಲೆ ಹಾಕಿದರೆ ಲೇಖನದ ಓಟ ಕೆಡುತ್ತೆ."

ಅರ್ಧ ಗಂಟೆಯೊಳಗೆ ಜಾಹೀರಾತು ಬಂತು. ಆ ವರ್ಷಗಳಲ್ಲಿ ದಿನಕ್ಕೊಂದು ಕಾಂಡೋಮಿನಿಯಂ ಏಳುತ್ತಿತ್ತು. ಏಳುವ ಮೊದಲೇ ನಮ್ಮ ಪುಟಗಳಲ್ಲಿ ಮಾರಾಟವಾಗುತ್ತಿತ್ತು. ನೀಲಿ ಈಜುಕೊಳದ ಅರ್ಧ ಪುಟದ ಚಿತ್ರ ಕೆಳಗಿನಿಂದ ಮೇಲೆದ್ದಿತು, ಉಪಸಂಪಾದಕಿ ರೂಢಿಯಂತೆ ಕೆಳಗಿನಿಂದ ಕತ್ತರಿಸಿದಳು. ಅವಳ ಮೇಲೆ ನನಗೆ ಕೋಪವಿಲ್ಲ. ಆ ಜಾಹೀರಾತು ಬರುತ್ತದೆಂದು ಮುಖ್ಯಸ್ಥನಿಗೆ ಬೆಳಗ್ಗೆಯಿಂದಲೇ ಗೊತ್ತಿತ್ತು. ಪುಟದ ನಕ್ಷೆ ಅವನ ಬೆನ್ನ ಹಿಂದಿನ ಗೋಡೆಯ ಮೇಲೇ ಇತ್ತು. ಕತ್ತರಿ ತನ್ನ ಕೈಗೆ ತಾಗದ ಹಾಗೆ ಕತ್ತರಿಸುವುದು ಹೇಗೆಂದು ಅವನಿಗೆ ಗೊತ್ತಿತ್ತು. ಹಾಗಾದರೆ ಲೇಖನದ ಮೇಲಿನ ನನ್ನ ಹೆಸರು ತೆಗೆಯಿರಿ ಎಂದೆ. ಪುಟ ಅಚ್ಚಿಗೆ ಹೋಯಿತು ಎಂದ. ಹೋಗಿರಲಿಲ್ಲ.

ಮರುದಿನ ಬೆಳಗ್ಗೆ ಹಿರಿಯರ ಮಗಳು ಫೋನ್ ಮಾಡಿದಳು.

"ಅಕ್ಕ, ಅಪ್ಪ ಎಮ್‌ಆರ್‌ಟಿ ಸ್ಟೇಷನ್‌ವರೆಗೂ ನಡ್ಕೊಂಡು ಹೋಗಿ ಪೇಪರ್ ತಂದ್ರು. ಬ್ಲಾಕಲ್ಲಿ ಹಂಚೋಕೆ ಅಂತ ಒಂದು ಕಟ್ಟೇ ತಂದಿದಾರೆ. ಅದ್ರಲ್ಲಿ... ಅದ್ರಲ್ಲಿ ಅವನೇ ಮಾಡ್ದ ಅಂತಿದೆ ಅಕ್ಕ. ನಿಮ್ ಹೆಸ್ರಲ್ಲಿ."

ಅಲ್ಲಿಯವರೆಗೆ ಆ ಮನೆಯಲ್ಲಿ ಅವರ ಮಾತು ಒಂದು ತಮಾಷೆಯಾಗಿತ್ತು. ಈಗ ಅದು ಸುಳ್ಳೆಂದು ಅಚ್ಚಾಗಿತ್ತು.

ತಿದ್ದುಪಡಿ ಹಾಕಿ ಎಂದು ಲಿಖಿತವಾಗಿ ಕೇಳಿದೆ. ಯಾರೂ ದೂರು ಕೊಟ್ಟಿಲ್ಲ ಎಂದ ಮುಖ್ಯಸ್ಥ. ನಾನು ಕೊಡುತ್ತಿದ್ದೇನೆ ಎಂದೆ. ಬರೆದವರೇ ದೂರು ಕೊಡುವ ಪದ್ಧತಿ ಇಲ್ಲ, ಹೊರಗಿನವರು ಕೊಡಬೇಕು ಎಂದ. ನಗುತ್ತಲೇ ಹೇಳಿದ. ಆ ನಗು ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ.

ಮಾರನೆಯ ಬೆಳಗ್ಗೆ ಪುಂಗೋಲ್‌ಗೆ ಹೋದೆ. ಓದಲು ಎಳೆದುಕೊಂಡ ಒಂದು ಪ್ರತಿ ಬಿಟ್ಟು ಪತ್ರಿಕೆಯ ಕಟ್ಟು ಶೂ ಇಡುವ ಬೀರುವಿನ ಮೇಲೆ ದಾರ ಬಿಚ್ಚದೆ ಕೂತಿತ್ತು. ಆದದ್ದನ್ನೆಲ್ಲ ಹೇಳಿದೆ, ನೀವೊಂದು ದೂರು ಕೊಡಿ ಎಂದೆ.

"ಮೊನ್ನೆ ಸತ್ತೋನ ಮೇಲೆ ದೂರು ಕೊಡೋದೇನಮ್ಮಾ? ಬೇಡ. ಹೆಗಲು ಕೊಟ್ಟಿದ್ದ ನಂಗೆ."

"ಅವನ ಮೇಲಲ್ಲ, ಪತ್ರಿಕೆ ಮೇಲೆ."

"ನನ್ನ ಹೆಸರು ಅಚ್ಚಾಗಲ್ಲ ಅಂತ ಅವರಿಗೆ ಮೊದಲೇ ಗೊತ್ತಿತ್ತು ಅಂತೀಯ. ಮತ್ತೆ ನಾನೇ ಹೋಗಿ ಕೇಳ್ಳಾ?"

ಅಳಿಯ ಕಚೇರಿಗೆ ಹೊರಟು ಬಾಗಿಲಲ್ಲಿ ನಿಂತಿದ್ದ. "ಒಂದ್ ನಿಮಿಷ," ಎಂದ. "ಚೆನ್ನೈಯವರು ಇವರ ಹೆಸರು ತಾವಾಗೇ ಹೇಳಿದ್ರಾ? ನೀವು ಹೇಳ್ಕೊಟ್ಟಿಲ್ಲ ತಾನೆ?"

"ನಾನು ಹೇಳ್ಕೊಡಲ್ಲ. ಹೇಳ್ಕೊಡೋದು ನಮ್ಮ ಕೆಲಸ ಅಲ್ಲ."

ಅವನು ಮಾವನ ಕಾಲಿನ ಕಡೆ ನೋಡಿದ. ಎಷ್ಟೋ ವರ್ಷ ನೋಡಿದ್ದ ಕಾಲು ಅದು. ಆಮೇಲೆ ಶೂ ಬಿಚ್ಚಿ ಒಳಗೆ ಬಂದು ಕಚೇರಿಗೆ ಲೇಟಾಗುತ್ತೆ ಎಂದು ತಿಳಿಸಿದ, ಪತ್ರಿಕೆಯ ನಂಬರ್ ಒತ್ತಿದ. "ಐ ವಾಂಟ್ ಟು ಕಂಪ್ಲೇನ್," ಎಂದು ಶುರು ಮಾಡಿದವನ ದನಿ ಬರಬರುತ್ತ ಏರಿತು. ಇಡೀ ಬೆಳಗ್ಗೆ ಅವನನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ಅವನು ಬಿಡಲಿಲ್ಲ.

ತಿದ್ದುಪಡಿ ಬಂತು. ಎರಡನೆಯ ಪುಟದ ಸಣ್ಣ ಚೌಕದಲ್ಲಿ, ಮುಖ್ಯಸ್ಥ ತಾನೇ ಬರೆದ ಒಂದೇ ವಾಕ್ಯ: ನಟನ ಸಾಹಸದೃಶ್ಯಗಳಲ್ಲಿ ಕೆಲವನ್ನು ಇತರರು ನಿರ್ವಹಿಸಿದ್ದರು. ಹೆಸರಿಲ್ಲ, ಮೈಸೂರಿಲ್ಲ, ಕಪಿಲೆಯಿಲ್ಲ. ಹೆಸರು ಅವನ ಮುಂದೆಯೇ ಇತ್ತು. ಅದನ್ನು ಬರೆಯುವ ಶ್ರಮಕ್ಕಿಂತ ಬಿಡುವ ಶ್ರಮ ಹೆಚ್ಚು.

ಆ ಸಂಜೆ ಹಿರಿಯರು ಚೌಕವನ್ನು ಅಳಿಯನ ಕೈಯಲ್ಲಿ ಓದಿಸಿದರು.

"ಇತರರು ಅಂದ್ರೆ ನಾನೇ ತಾನೆ?"

"ನೀವೇ ಮಾವ."

"ಬಹುವಚನ ಕೊಟ್ಟಿದಾರೆ. ಕುದುರೆನೂ ಸೇರಿಸ್ಕೊಂಡಿರ್ಬೇಕು."

ಮೊಮ್ಮಗಳು ನಕ್ಕಳು, ಆಮೇಲೆ ಹೋಮ್‌ವರ್ಕ್ ಬಿಟ್ಟು ಬಂದು ಅವರ ಪಕ್ಕ ಕುಳಿತು ಕೇಳಿದಳು: "ತಾತ, ಸೆಕೆಂಡ್ ಟೈಮ್ ಯಾಕೆ ಜಂಪ್ ಮಾಡಿದ್ರಿ? ಫಸ್ಟ್ ಟೈಮೇ ಚೆನ್ನಾಗಿತ್ತಲ್ವಾ?" ಅವರು ಹೇಳತೊಡಗಿದರು. ಆ ದಿನ ಯಾರೂ ಪಾಯಸದ ಮಾತೆತ್ತಲಿಲ್ಲ.

ಅವರಿಗೆ ಬೇಕಾದದ್ದು ಸಿಕ್ಕಿತು, ಇನ್ನು ಕೋಪ ಬಿಡು ಎಂದು ನನ್ನ ಗಂಡ ಹೇಳಿದ್ದುಂಟು. ಸಿಕ್ಕಿದ್ದು ಆ ಮನೆಯೊಳಗೆ. ಅದನ್ನು ಕೊಟ್ಟವನು ಅಳಿಯ, ನಾವಲ್ಲ. ಪತ್ರಿಕೆಯ ಸಂಗ್ರಹದಲ್ಲಿ ಆ ಲೇಖನ ತಿದ್ದದೆ ಹಾಗೇ ಇದೆ. ಆ ನಟನ ಬಗ್ಗೆ ಬರೆಯುವವರು ಅದನ್ನೇ ತೆಗೆದು ಓದುತ್ತಾರೆ, ಅದನ್ನೇ ಬರೆಯುತ್ತಾರೆ. ಹಿರಿಯರು ತೀರಿಕೊಂಡಾಗ ಯಾವ ಕಚೇರಿಯಲ್ಲೂ ಅವರಿಗಾಗಿ ಬರೆದಿಟ್ಟ ಪ್ರತಿ ಇರಲಿಲ್ಲ.

ಇಲ್ಲಿ ನಾನು ಯಾರ ಹೆಸರನ್ನೂ ಬರೆದಿಲ್ಲ. ಹಿರಿಯರ ಹೆಸರನ್ನು ಈಗ ಹಾಕಬೇಡಿ, ಅವರೇ ಇಲ್ಲದ ಮೇಲೆ ಯಾರಿಗೆ ಬೇಕು ಎಂದಳು ಮಗಳು. ಸರಿ ಎಂದೆ. ಹಾಗಾದರೆ ಆ ನಟನ ಹೆಸರೂ ಇಲ್ಲಿ ಬರುವುದಿಲ್ಲ. ಅವನ ಹೆಸರು ಬೇಕಾದವರು ಬೇರೆ ಕಡೆ ಓದಿಕೊಳ್ಳಬಹುದು. ಈ ಬರಹದಲ್ಲಿ ಅವನು ಇತರರಲ್ಲಿ ಒಬ್ಬ.