ಇಸವಿಯಿಲ್ಲದ ಮೊಹರು

೧೯೯೮ನೆಯ ಇಸವಿ, ಮಾರ್ಚ್ ೧೪, ಶನಿವಾರ. ಆಧಾರ: ನನ್ನ ಎರಡನೆಯ ಆಲ್ಬಮ್ಮಿನ ಹದಿನೇಳನೆಯ ಪುಟದ ಅಡಿಯಲ್ಲಿ, ನನ್ನದೇ ಕೈಬರಹದಲ್ಲಿ, ಮೇಲಿನ ತಾರೀಖಿನೊಂದಿಗೆ ಇರುವ ಟಿಪ್ಪಣಿ: ‘ಶ್ರೀಮತಿ ಲಿಲ್ಲಿಬಾಯಿಯವರಿಂದ ಉಡುಗೊರೆ.’ ಟಿಪ್ಪಣಿಯ ಮೇಲಿದ್ದ ಹಳೆಯ ಅಮೆರಿಕನ್ ಕವರು ಈಗ ಅಲ್ಲಿಲ್ಲ. ಅದರ ನಾಲ್ಕು ಮೂಲೆಗಳನ್ನು ಹಿಡಿದಿದ್ದ ಪಾರದರ್ಶಕ ತ್ರಿಕೋನಗಳು ಮಾತ್ರ ಏನನ್ನೂ ಹಿಡಿಯದೆ ಹಾಗೆಯೇ ಕುಳಿತಿವೆ.

ಓದುಗ ಮಿತ್ರರೇ, ನಿವೃತ್ತನಾದ ಸಂಶೋಧಕನಿಗೆ ಸಂಶಯಪಡಲು ದಿನಕ್ಕೊಂದಾದರೂ ತಾರೀಖು ಬೇಕು. ಚೇರಿಂಗ್ ಕ್ರಾಸ್ ಬಳಿಯ ನೆಲಮಾಳಿಗೆಯೊಂದರಲ್ಲಿ ಶನಿವಾರಗಳಂದು ನೆರೆಯುತ್ತಿದ್ದ ಅಂಚೆಚೀಟಿಯ ಸಂತೆಯಲ್ಲಿ, ರಟ್ಟಿನ ಪೆಟ್ಟಿಗೆಗಳಲ್ಲಿ ನಿಂತುಕೊಂಡೇ ನಿದ್ರಿಸುತ್ತಿದ್ದ ಹಳೆಯ ಲಕೋಟೆಗಳನ್ನು ಬೆರಳಿನಿಂದ ಒಂದೊಂದಾಗಿ ಎಬ್ಬಿಸುತ್ತ ನಾನು ಈ ವ್ಯಸನಕ್ಕೆ ಬಿದ್ದೆ. ಅಮೆರಿಕವನ್ನೇ ಏಕೆ ಆರಿಸಿಕೊಂಡೆನೆಂದು ಕೇಳಿದರೆ, ಅಲ್ಲಿನ ಹತ್ತೊಂಬತ್ತನೆಯ ಶತಮಾನದ ಸಣ್ಣ ಊರುಗಳ ಅಂಚೆಮೊಹರುಗಳಲ್ಲಿ ಊರಿನ ಹೆಸರಿರುತ್ತದೆ, ತಿಂಗಳಿರುತ್ತದೆ, ದಿನವಿರುತ್ತದೆ; ಇಸವಿ ಮಾತ್ರ ಎಷ್ಟೋ ಸಲ ಇರುವುದಿಲ್ಲ. ಇದು ಯಾವ ವರ್ಷವೆಂದು ಎಲ್ಲರಿಗೂ ಗೊತ್ತೇ ಇದೆಯಲ್ಲ ಎಂಬ ನೆಮ್ಮದಿಯಿಂದ ಆ ಅಂಚೆಯವನು ಮೊಹರನ್ನೊತ್ತಿ ಮನೆಗೆ ಹೋದ. ನೂರೈವತ್ತು ವರ್ಷ ಕಳೆದ ಮೇಲೆ ಅವನು ಬಿಟ್ಟ ಜಾಗವನ್ನು ತುಂಬುವ ಸುಖ ನನ್ನ ಪಾಲಿಗೆ ಬಂತು. ನಮ್ಮ ಸಂಗ್ರಾಹಕರ ಲೋಕದ ಪದ್ಧತಿಯೊಂದನ್ನೂ ಇಲ್ಲೇ ಹೇಳಿಬಿಡಬೇಕು. ನಮಗೆ ಬೇಕಾದದ್ದು ಹೊದಿಕೆ. ಒಳಗಿನ ಕಾಗದ, ಇಸವಿಗೆ ಸಾಕ್ಷಿ ನುಡಿದ ಮೇಲೆ, ಬೇರೊಂದು ಪೆಟ್ಟಿಗೆಗೆ ಹೋಗುತ್ತದೆ. ಕೆಲವರ ಮನೆಯಲ್ಲಿ ಕಸದ ಬುಟ್ಟಿಗೆ.

ಲಿಲ್ಲಿಬಾಯಿಯವರ ಪರಿಚಯವಾದದ್ದು ಟೂಟಿಂಗ್‌ನ ದೋಸೆಯಂಗಡಿಯೊಂದರ ಮಹಡಿಯಲ್ಲಿ, ಕನ್ನಡಿಗರು ಆಗಾಗ ಕೂಡುತ್ತಿದ್ದ ಶನಿವಾರದ ಊಟದಲ್ಲಿ. ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು, ನಿವೃತ್ತ ನರ್ಸ್. ನಾನು ಪ್ರೊಫೆಸರನಲ್ಲವೆಂದು ಎಷ್ಟು ತಿದ್ದಿದರೂ ನನ್ನನ್ನು ಪ್ರೊಫೆಸರ್ ಎಂದೇ ಕರೆಯುತ್ತಿದ್ದರು. ಅವರು ಹಿಂದೆ ಆರೈಕೆ ಮಾಡಿದ್ದ ಕುರುಡಿ ಮುದುಕಿಯೊಬ್ಬಳ ಅಜ್ಜಿ ಅಮೆರಿಕದ ಓಹಾಯೋದವಳಂತೆ. ಆ ಅಜ್ಜಿಗೆ ಅವಳ ತಂಗಿ ಬರೆದ ಒಂದೇ ಒಂದು ಕಾಗದ ಮೊಮ್ಮಗಳಲ್ಲಿ ಉಳಿದಿತ್ತು. ಕೆಲಸ ಮುಗಿಸಿ ಹೊರಡುವ ಮೊದಲು ಲಿಲ್ಲಿಬಾಯಿ ಅದನ್ನು ದಿನವೂ ಅವಳಿಗೆ ಓದಿ ಹೇಳಬೇಕಿತ್ತು. ತನ್ನವರೆಂದು ಯಾರೂ ಇಲ್ಲದ ಆ ಮುದುಕಿ ಸಾಯುವಾಗ ಕಾಗದವನ್ನು ಓದುವವಳಿಗೇ ಬಿಟ್ಟುಹೋದಳು.

“ಓದಿ ಓದಿ ಈಗ ಇದು ನನ್ನ ತಂಗಿಯೇ ಬರೆದ ಹಾಗೆ ಆಗಿದೆ ಮಾರಾಯ್ರೆ. ಆದ್ರೆ ಯಾವ ವರ್ಷದ್ದು ಅಂತ ಗೊತ್ತಿಲ್ಲ. ನೀವು ಇಷ್ಟು ಕಲ್ತವರು, ನೋಡಿ ಹೇಳ್ತೀರಾ?” ಎಂದು ಕೈಚೀಲದಿಂದ ತೆಗೆದರು. ಆಮೇಲೆ ಅವರು ಹೇಳಿದ ಮಾತು ನನ್ನ ಕಿವಿಯಲ್ಲಿ ಇಂದಿಗೂ ಸ್ಪಷ್ಟವಾಗಿದೆ: “ನಿಮ್ಮ ಹತ್ರ ಇರ್ಲಿ.”

ಇಸವಿ ಸಿಕ್ಕಿತು. ಕಾಗದದ ತಲೆಯಲ್ಲಿ ‘ಭಾನುವಾರ ಸಂಜೆ’ ಎಂದಷ್ಟೇ ಇತ್ತು. ಮೊಹರಿನಲ್ಲಿ ಸೆಪ್ಟೆಂಬರ್ ೧೪. ಬರೆದ ಮರುದಿನವೇ ಅಂಚೆಗೆ ಬಿದ್ದಿದ್ದರೆ ಹದಿಮೂರನೆಯ ತಾರೀಖು ಭಾನುವಾರವಾಗಿರಬೇಕು. ಕವರಿನ ಮೇಲಿದ್ದ ಕೆಂಪು ಮೂರು ಸೆಂಟಿನ ಅಂಚೆಚೀಟಿ ಚಲಾವಣೆಯಲ್ಲಿದ್ದ ಅಷ್ಟೂ ವರ್ಷಗಳ ಪಂಚಾಂಗ ತಿರುವಿದರೆ ಅಂಥ ಭಾನುವಾರ ಒಂದೇ ಒಂದು: ೧೮೫೭. ನಾವು ಶಾಲೆಯಲ್ಲಿ ಬೇರೊಂದು ಕಾರಣಕ್ಕೆ ಬಾಯಿಪಾಠ ಮಾಡಿದ ಇಸವಿಯಲ್ಲಿ, ಓಹಾಯೋದ ತಂಗಿಯೊಬ್ಬಳು ಮಗುವಿಗೆ ಎರಡು ಹಲ್ಲು ಮೂಡಿದ್ದನ್ನೂ, ಸೇಬಿನ ಹೋಳುಗಳನ್ನು ಮಾಡಿನ ಮೇಲೆ ಒಣಹಾಕಿದ್ದನ್ನೂ, ಅಕ್ಕನ ನೀಲಿ ಶಾಲು ಇನ್ನೂ ತನ್ನಲ್ಲೇ ಇದೆ, ಬೇಗ ಕಳಿಸುತ್ತೇನೆ ಎಂಬುದನ್ನೂ ಬರೆದಿದ್ದಳು. ಕಾಲನಿರ್ಣಯಕ್ಕೆ ಅನುಪಯುಕ್ತವೆಂದು ನಾನು ಶಾಲಿನ ಸಾಲನ್ನು ಗುರುತಿಸಿಕೊಳ್ಳಲಿಲ್ಲ. ನಮ್ಮ ಸಂಗ್ರಾಹಕರ ಕೂಟದಲ್ಲಿ ಈ ಕವರಿನ ಬಗ್ಗೆ ಪ್ರಬಂಧ ಓದಿದೆ, ಚಪ್ಪಾಳೆಯಾಯಿತು. ಬೇರೆಯವರ ಕವರುಗಳ ಖೋಟಾ ಮೊಹರುಗಳನ್ನು ಭೂತಗನ್ನಡಿಯಿಂದ ಹಿಡಿದು ಅವರ ಮುಖ ಬಾಡುವುದನ್ನು ನೋಡುವ ಗೌರವವೂ ಆಮೇಲೆ ನನಗೆ ದೊರೆಯಿತು. ಲಿಲ್ಲಿಬಾಯಿ ಊಟಕ್ಕೆ ಬರುವುದು ಕಡಿಮೆಯಾಯಿತು. ನಾನೂ ಹೋಗುವುದನ್ನು ಬಿಟ್ಟೆ.

೨೦೦೬ರ ಅಕ್ಟೋಬರಿನಲ್ಲಿ ಅವರ ಮಗಳು ಶರ್ಮಿಳಾ ಕೊಲಿಂಡೇಲಿನ ನನ್ನ ಮನೆಗೆ ಬಂದಳು.

“ಮಮ್ಮಿಗೆ ಈಗ ಕಣ್ಣು ಕಾಣುದಿಲ್ಲ ಅಂಕಲ್. ಆ ಅಮೆರಿಕದ ಲೆಟರ್ ಓದಿ ಹೇಳು ಅಂತ ದಿನಾ ಕೇಳ್ತಾರೆ. ನಿಮ್ಮ ಹತ್ರ ಉಂಟಂತೆ.”

ನಾನು ಹದಿನೇಳನೆಯ ಪುಟವನ್ನು ಬಿಡಿಸಿ ಅವಳ ಮುಂದಿಟ್ಟೆ. “ಇದೆಯಮ್ಮ. ಆದರೆ ಇದು ನಿಮ್ಮ ತಾಯಿ ನನಗೇ ಕೊಟ್ಟುಬಿಟ್ಟದ್ದು. ನೋಡು, ತಾರೀಖಿನ ಸಮೇತ ಬರೆದಿದೆ.”

ಅವಳು ಕನ್ನಡ ಓದಲಾರಳು. ನನ್ನ ಬೆರಳು ತೋರಿಸಿದ ಕಡೆ ನೋಡಿ, ಕೆಂಪಾಗಿ, “ಓ, ಸಾರಿ ಅಂಕಲ್, ನಂಗೆ ಗೊತ್ತಿರ್ಲಿಲ್ಲ. ಕಾಪಿ ಆದ್ರೂ ಸಾಕು” ಎಂದಳು. ಆ ಕ್ಷಮೆಯನ್ನು ನಾನು ತಲೆದೂಗಿ ಸ್ವೀಕರಿಸಿದೆ. ಪೆಟ್ಟಿಗೆಯಿಂದ ಒಳಗಿನ ಕಾಗದವನ್ನು ಹುಡುಕಿ, ಪೋಸ್ಟಾಫೀಸಿನ ಯಂತ್ರದಲ್ಲಿ ನಕಲು ತೆಗೆಸಿ ಕೊಟ್ಟೆ.

ಮೂರು ದಿನದ ಮೇಲೆ ಅವಳದೇ ಫೋನ್. “ಕಾಪಿ ಆಗುದಿಲ್ಲಂತೆ ಅಂಕಲ್. ಮುಟ್ಟಿ ನೋಡಿ, ಮಡಚಿದ ಗೆರೆಯೇ ಇಲ್ಲ, ಇದು ಯಾರ ಕಾಗದ ಅಂತ ನಂಗೆ ಬೈತಾರೆ.”

ಔದಾರ್ಯವೆಂಬುದು ನನ್ನಲ್ಲಿ ಉಕ್ಕಿದ ದಿನ ಅದು. ಕವರನ್ನು ಆಲ್ಬಮ್ಮಿನಿಂದ ಬಿಡಿಸಿ, ಕಾಗದವನ್ನು ಎಂಟು ವರ್ಷದ ಮೇಲೆ ಅದರೊಳಗಿಟ್ಟು, ಕೊಲಿಂಡೇಲಿನಲ್ಲಿ ನಾರ್ದರ್ನ್ ಲೈನಿನ ಟ್ಯೂಬ್ ರೈಲು ಹತ್ತಿದವನು ಟೂಟಿಂಗಿನಲ್ಲಿ ಇಳಿದೆ. ನಡುವೆ ಎಲ್ಲಿಯೂ ಗಾಡಿ ಬದಲಿಸಬೇಕಾಗಿಲ್ಲ.

ಕಿಟಕಿಯ ಪಕ್ಕ ಕುಳಿತಿದ್ದ ಲಿಲ್ಲಿಬಾಯಿ ದನಿಯಿಂದಲೇ ಗುರುತು ಹಿಡಿದರು. “ಯಾರು, ಪ್ರೊಫೆಸರ್ರಾ? ಇಸವಿ ಸಿಕ್ಕಿತಾ?”

“ಸಿಕ್ಕಿತು. ಸಾವಿರದ ಎಂಟುನೂರ ಐವತ್ತೇಳು.”

“ಅಬ್ಬಾ! ಒಂದು ವರ್ಷ ಹುಡುಕ್ಲಿಕ್ಕೆ ಎಷ್ಟು ವರ್ಷ ಮಾರಾಯ್ರೆ! ಈಸ್ಟರ್‌ಗೆ ಕಾದೆ, ಮತ್ತೊಂದು ಈಸ್ಟರ್‌ಗೆ ಕಾದೆ. ಇವರು ಮರ್ತಿರ್ಲಿಕ್ಕಿಲ್ಲ, ಕಲ್ತವರಿಗೆ ಕೆಲಸ ಜಾಸ್ತಿ ಅಂತ ಸುಮ್ಮನಾದೆ.”

ಶರ್ಮಿಳಾ ಬಾಗಿ ನನ್ನ ಕಿವಿಯಲ್ಲಿ, “ಬೇಜಾರು ಮಾಡ್ಬೇಡಿ ಅಂಕಲ್, ಮಮ್ಮಿಗೆ ಈಗ ಎಲ್ಲ ಮಿಕ್ಸ್ ಆಗ್ತದೆ” ಎಂದಳು. ವಯಸ್ಸಾದ ಮೇಲೆ ಹಾಗೆಯೇ ಅಮ್ಮ, ಎಂದೆ ನಾನು. ಮಿತ್ರರೇ, ಈ ವಾಕ್ಯವನ್ನು ಬರೆಯದೆ ಬಿಡಲು ನಾನು ಎರಡು ದಿನ ಪ್ರಯತ್ನಿಸಿದ್ದೇನೆ. ಲಿಲ್ಲಿಬಾಯಿ ಕಾಗದದ ಮಡಿಕೆಗಳನ್ನು ಉಗುರಿನ ತುದಿಯಿಂದ ಒಂದೊಂದಾಗಿ ಬಿಡಿಸುತ್ತಿದ್ದರು. ನಾನು ಓದಿದೆ. ನೀಲಿ ಶಾಲಿನ ಸಾಲು ಬರುವ ಮೊದಲೇ ಅವರ ತುಟಿಯಲ್ಲಿ ಅದು ಬಂದಿತ್ತು. ಬಾಗಿಲ ತನಕ ಬಂದ ಶರ್ಮಿಳಾ, “ನಿಮ್ಮದನ್ನೇ ಕೊಟ್ಟುಬಿಟ್ರಲ್ಲ, ದೊಡ್ಡ ಮನಸ್ಸು ನಿಮ್ಮದು” ಎಂದಾಗ ಅದನ್ನೂ ಸ್ವೀಕರಿಸಿದೆ.

ಮನೆಗೆ ಬಂದು, ಖಾಲಿಯಾದ ಹದಿನೇಳನೆಯ ಪುಟದಲ್ಲಿ ‘ಹಿಂದಕ್ಕೆ ಉಡುಗೊರೆ’ ಎಂದು ಬರೆಯುವ ಮುನ್ನ, ಅಭ್ಯಾಸಬಲದಿಂದ, ಹಳೆಯ ತಾರೀಖನ್ನು ಒಮ್ಮೆ ತಾಳೆ ನೋಡೋಣವೆನಿಸಿತು. ಆಲ್ಬಮ್ಮಿನ ರಟ್ಟಿನ ಒಳಗೆ ಅಂಗಡಿಯ ರಸೀದಿಯಿತ್ತು: ನಾನು ಅದನ್ನು ಕೊಂಡದ್ದೇ ೨೦೦೧ರಲ್ಲಿ. ಎಂದರೆ ‘ಉಡುಗೊರೆ’ ಎಂಬ ಟಿಪ್ಪಣಿ ಮೂರು ವರ್ಷ ತಡವಾಗಿ, ಕೂಟದಲ್ಲಿ ಕವರನ್ನು ಪ್ರದರ್ಶಿಸುವ ಹೊತ್ತಿಗೆ, ಕೇವಲ ನೆನಪಿನಿಂದ ಬರೆದದ್ದು. ಅಂಥ ಸಾಕ್ಷ್ಯವನ್ನು ಬೇರೆ ಯಾರೇ ತಂದಿದ್ದರೂ ನಾನು ಒಪ್ಪುತ್ತಿರಲಿಲ್ಲ. ಅಟ್ಟದಿಂದ ೧೯೯೮ರ ದಿನಚರಿಯನ್ನು ಇಳಿಸಿದೆ.

ಮಾರ್ಚ್ ೧೪, ಶನಿವಾರ. ಪೆನ್ಸಿಲಿನಲ್ಲಿ, ಅದೇ ದಿನದ ನನ್ನ ಅಕ್ಷರ: ‘ಟೂಟಿಂಗ್ ಊಟ. ಲಿಲ್ಲಿಬಾಯಿ ಓಹಾಯೋ ಕಾಗದ ಎರವಲು ಕೊಟ್ಟರು. “ಈಸ್ಟರ್ ತನಕ ನಿಮ್ಮ ಹತ್ರ ಇರ್ಲಿ, ಮತ್ತೆ ನಂಗೆ ಓದ್ಲಿಕ್ಕೆ ಬೇಕು” ಅಂದರು.’