ಪೂಜೆಯಾದ ದೋಣಿಗೆ ಚಂದು ಹಾಕಿದ ಪಟ್ಟಿ

ಗಂಗೊಳ್ಳಿ ಅಳಿವೆಯ ಬದಿಯಲ್ಲಿ ಚಂದು ಖಾರ್ವಿ ಫೈಬರ್ ದೋಣಿಗಳ ವೈದ್ಯನಾಗಿದ್ದ. ಅವನ ಸ್ಟೆತಾಸ್ಕೋಪು ಸುತ್ತಿಗೆಯ ಮರದ ಹಿಡಿ. ಅದರಿಂದ ತಳವನ್ನು ಗೇಣುಗೇಣಿಗೂ ತಟ್ಟುತ್ತಿದ್ದ. 'ಟಣ್' ಎಂದರೆ ಆರೋಗ್ಯ. 'ದಬ್' ಎಂದರೆ ಫೈಬರಿನ ಪದರ ಬಿಟ್ಟು ಒಳಗೆ ನೀರು ಕೂತಿದೆ. ಶಿರೂರಿನಿಂದ ಕೋಟೇಶ್ವರದವರೆಗೆ ಚಂದು ತಟ್ಟಿ ಸೈ ಅಂದ ದೋಣಿಗೆ ಎರಡನೇ ಮಾತಿರಲಿಲ್ಲ.

ನಮ್ಮ ಕಡೆಯವರಿಗೆ ಮೊದಲು ದೇವರು, ಆಮೇಲೆ ಮೆಕ್ಯಾನಿಕ್. ನಾನೂ ಬ್ರೇಕಿಲ್ಲದ ಸ್ಕೂಟರಿಗೆ ಮಾಲೆ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು, ಸೀದಾ ಚರಂಡಿಗೆ ಹೋದವನೇ. ಹಾಗಾಗಿ ಚಂದುವಿನ ಹೆಂಡತಿಯ ತಮ್ಮ ಶೈಲೇಶನನ್ನು ಬೈಯುವ ಯೋಗ್ಯತೆ ನನಗಿಲ್ಲ. ಮಳೆಗಾಲ ಮುಗಿಯುತ್ತಲೇ ಅವನು ದೋಣಿಗೆ ಬಣ್ಣ ಬಳಿದು, ಭಟ್ಟರಿಂದ ಮೂತಿಗೆ ಕುಂಕುಮ ಹಚ್ಚಿಸಿ, ಕಾಯಿ ಒಡೆಸಿದ. ಹಿಂದಿನ ವರ್ಷ ತಳ ಕಲ್ಲಿಗೆ ತಾಗಿದ್ದು ನೆನಪಾದದ್ದು ಆಮೇಲೆ.

ಚಂದು ತಟ್ಟಿದ. ಟಣ್, ಟಣ್, ದಬ್.

"ಒಳ್ಗೆ ನೀರ್ ಕೂತಿತ್ತ್ ಕಾಣ್. ಕೊಯ್ದ್ ತೆಗ್ದ್, ಒಣ್ಗೂಕ್ ಬಿಡ್ಕ್."

"ಪೂಜಿ ಆಯ್ತಲೆ ಭಾವ. ಕುಂಕುಮ ಹಚ್ಚಿದ್ದಕ್ಕೆ ಕೊಯ್ಯು ಮಿಷನ್ ಹಿಡೂಕಾತ್ತಾ? ಮೇಲಿಂದ ಒಂದ್ ಫೈಬರ್ ಪಟ್ಟಿ ಹಾಕಿ ಬಿಡಿ."

"ಬಣ್ಣದ್ ಮೇಲೆ ಪಟ್ಟಿ ಹಿಡಿತ್ತಿಲ್ಲೆ ಮರಾಯ."

"ನೀವ್ ಹಾಕಿರೆ ಹಿಡಿತ್ತ್."

ಚಂದು ಹೆಂಡತಿಯ ಮುಖ ನೋಡಿದ. ರತ್ನ ಮೆಲ್ಲಗೆ ಅಂದಳು: "ಪೂಜಿ ಆದ್ ದೋಣಿ ಕೊಯ್ದ್ರಿ ಅಂದ್ರೆ, ನಾಳಿ ಎಂತಾರೂ ಆರೆ ನಿಮ್ ಮೇಲೇ ಬತ್ತ್."

ಅಪವಾದಕ್ಕೆ ಹೆದರಿ ಚಂದು ಬಣ್ಣವನ್ನು ಚೂರು ಕೆರೆದು, ಮೇಲೆಯೇ ಪಟ್ಟಿ ಅಂಟಿಸಿದ. ಅದಕ್ಕೂ ಚಂದದ ಬಣ್ಣ ಬಳಿದರು. ಎಲ್ಲಿ ಹಾಕಿದ್ದೆಂದು ಹುಡುಕಬೇಕಿತ್ತು.

ಸಮುದ್ರ ಹುಡುಕಿತು. ಪಟ್ಟಿ ಕಿತ್ತು ಬಂತು, ಅದರ ಹಿಂದೆಯೇ ತಳದ ಪದರಗಳೂ ಬಿಚ್ಚಿಕೊಂಡವು. ಜನರನ್ನು ಬೇರೆ ದೋಣಿಯವರು ಎತ್ತಿಕೊಂಡರು. ಬಲೆ, ಇಂಜಿನು ಮುಳುಗಿದವು. ತಪ್ಪು ಯಾರದ್ದೆಂದು ದಡದಲ್ಲಿ ಹೆಚ್ಚು ಚರ್ಚೆಯಾಗಲಿಲ್ಲ. ದೇವರ ಮೇಲೆ ಹೊರಿಸುವಂತಿಲ್ಲ. ಸಮುದ್ರದ ಮೇಲೆ ಹೊರಿಸಿದರೆ ನಾಳೆ ಮತ್ತೆ ಅಲ್ಲಿಗೇ ಹೋಗಬೇಕು. ಉಳಿದದ್ದು ಚಂದು. ಪಟ್ಟಿ ಹಾಕಿದ್ದಂತೂ ಅವನೇ ತಾನೇ?

ಅಲ್ಲಿಂದ ಅವನ ಶೆಡ್ಡಿಗೆ ದೋಣಿ ಬರುವುದು ನಿಂತಿತು. ಈಗ ಹೆಮ್ಮಾಡಿಯ ಕಡೆ ಮನೆಗಳ ನೀರಿನ ಟ್ಯಾಂಕಿಗೆ ತೇಪೆ ಹಾಕುತ್ತಾನೆ.

ಈ ವರ್ಷ ಶೈಲೇಶ ಸೆಕೆಂಡ್ ಹ್ಯಾಂಡ್ ದೋಣಿ ತಂದ. ಪೂಜೆಗೆ ಭಾವನನ್ನು ಕರೆಯದೆ ಆಗುತ್ತದೆಯೇ? ಕಾಯಿಚೂರು ಕೈಗಿಟ್ಟು ಹೇಳಿದ, "ತಕಣಿ ಭಾವ. ದೋಣಿ ಒಂದ್ ಮುಟ್ಬೇಡಿ, ಆಯ್ತಾ."

ನಾಲ್ಕು ಜನ ಭುಜ ಕೊಟ್ಟು ನೂಕಿದರು. ಯಾರದೋ ಮೊಣಕಾಲು ತಳಕ್ಕೆ ಬಡಿಯಿತು.

ದಬ್.

"ಹ್ವಾಯ್ ಶೈಲೇಶ, ನಿಲ್ಸ್. ಒಳ್ಗೆ ನೀರಿತ್ತ್," ಎಂದ ಚಂದು.

ನೂಕುತ್ತಿದ್ದವರು ನಕ್ಕರು. "ಇದ್ ಟ್ಯಾಂಕಿ ಅಲ್ಲ ಮರ್ರೆ, ದೋಣಿ," ಎಂದ ಒಬ್ಬ.

ಶೈಲೇಶ ನಗಲಿಲ್ಲ, ತಿರುಗಿಯೂ ನೋಡಲಿಲ್ಲ. "ಪೂಜಿ ಆಯ್ತಲೆ ಭಾವ," ಎಂದು ದೋಣಿ ಹತ್ತಿದ.