ವಿಮಾನದಿಂದ ಇಳಿದ ಮೂಗಿನಕ್ಕ

ಸಾವಧಾನಿ ಮೂಗಿನಕ್ಕನನ್ನು ಮೊದಲು ಕಂಡದ್ದು ಕೆಲಸಕ್ಕೆ ಸೇರಿದ ದಿನ, ಅದೂ ಬೈಗುಳದ ಜೊತೆಗೆ. ಆಗ ಅವಳಿಗೆ ಸಾವಧಾನಿ ಎಂಬ ಅಡ್ಡಹೆಸರು ಇನ್ನೂ ಬಿದ್ದಿರಲಿಲ್ಲ. ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಒಬ್ಬಳೇ ಕೂತರೆ ಗೋಡೆಗಳು ನುಂಗಲು ಬರುತ್ತವೆಂದು ವಿಮಾನ ನಿಲ್ದಾಣದ ಹಿಂಬದಿಯ ಬಟ್ಟೆ ಒಗೆಯುವ ಕಾರ್ಖಾನೆಗೆ ಬಂದಿದ್ದಳು. ವಿಮಾನದಲ್ಲಿ ಜನ ಹೊದ್ದು ಬಿಟ್ಟ ಹೊದಿಕೆಗಳು, ಸೀಟಿಗೆ ತಲೆ ಒರಗಿಸುವ ಕಡೆ ಹಾಕುವ ಬಿಳಿ ಬಟ್ಟೆಗಳು ಅಲ್ಲಿಗೆ ಮೂಟೆಗಟ್ಟಲೆ ಬರುತ್ತಿದ್ದವು. ಒಗೆಯಲು ಯಂತ್ರವಿತ್ತು, ಇಸ್ತ್ರಿಗೆ ಮಾತ್ರ ಹೆಂಗಸರ ಕೈಯೇ ಆಗಬೇಕು. ಉದ್ದನೆಯ ಮೇಜು, ಎರಡೂ ಬದಿಗೆ ಹೆಂಗಸರು, ತಲೆಯ ಮೇಲಿಂದ ಇಳಿಬಿದ್ದ ವೈರುಗಳು, ಎಲ್ಲರ ಮುಖಕ್ಕೂ ಉಗಿ.

ಹೊಸಬಳು ಇನ್ನೂ ಎರಡನೆಯ ಬಟ್ಟೆಯ ಮೇಲಿದ್ದಳು. ಮೇಜಿನ ಆ ತುದಿಯಿಂದ "ಎತ್ರೇ" ಎಂಬ ದನಿ ಬಂತು. ಎಲ್ಲರ ಕೈಗಳೂ ಒಟ್ಟಿಗೆ ಮೇಲೆದ್ದವು. ಇವಳೊಬ್ಬಳು ಏನನ್ನು ಎತ್ತಬೇಕೆಂದು ತಿಳಿಯದೆ ಮಿಕಿಮಿಕಿ ನೋಡುತ್ತ ನಿಂತಳು. ಸಣ್ಣ ಮೈಯ, ದೊಡ್ಡ ಮೂಗಿನ ಹೆಂಗಸೊಬ್ಬಳು ಸುತ್ತು ಹಾಕಿಕೊಂಡು ಬಂದು ಇವಳ ಕೈಯಿಂದ ಇಸ್ತ್ರಿ ಪೆಟ್ಟಿಗೆ ಕಿತ್ತು ಪಕ್ಕಕ್ಕಿಟ್ಟಳು.

"ಏನೇ, ಕಿವಿಗೆ ಹತ್ತಿ ಇಟ್ಕೊಂಡು ಬಂದಿದ್ದೀಯಾ?"

"ನನ್ನ ಬಟ್ಟೆ ಸೀದಿಲ್ವಲ್ಲ, ಅಕ್ಕ."

"ಯಾರದ್ದು ಸೀದಿದೆ ಅಂತ ಆಮೇಲೆ ನೋಡೋದು. ಮೊದಲು ಎತ್ತೋದು. ಹೀಗೆ ಸಾವಧಾನವಾಗಿ ನಿಂತ್ಕೊಂಡ್ರೆ ನಿನ್ನ ತೋಳಿಗೆ ಬೆಂಕಿ ಬಿದ್ದಿದ್ದೂ ನಿಂಗೆ ನಾಳೆ ಗೊತ್ತಾಗುತ್ತೆ."

ಹೆಂಗಸರು ನಕ್ಕರು. ಸಾವಧಾನಿ ಎಂಬ ಹೆಸರು ಅಲ್ಲೇ ಅಂಟಿಕೊಂಡಿತು.

ಆ ಮೇಜಿಗೆ ಇದ್ದದ್ದು ಅದೊಂದೇ ಕಟ್ಟಳೆ. ಕಮರು ವಾಸನೆ ಯಾರ ಮೂಗಿಗೆ ಬಡಿದರೂ ಸರಿ, "ಎತ್ರೇ" ಎನ್ನಬೇಕು. ಅಂದ ತಕ್ಷಣ ಎಲ್ಲರೂ ಪೆಟ್ಟಿಗೆ ಎತ್ತಬೇಕು. ಏನೂ ಸೀದಿಲ್ಲದಿದ್ದರೆ ಕೂಗಿದವಳನ್ನು ಬೈಯುವಂತಿಲ್ಲ, ನಗುವಂತಿಲ್ಲ. ಮತ್ತೆ ಕೆಲಸ ಹಿಡಿಯಬೇಕು, ಅಷ್ಟೆ. ಈ ಕಟ್ಟಳೆ ಮಾಡಿದವಳೇ ಮೂಗಿನಕ್ಕ. ಅವಳ ಮೂಗು ಹತ್ತು ಸಲ ಕೂಗಿದರೆ ಎಂಟು ಸಲ ನಿಜವಾಗುತ್ತಿತ್ತು. ಉಳಿದೆರಡು ಸಲದ ಮಾತು ಬಂದರೆ, "ಬಾಯಿ ನಂದು, ಉಗುಳು ನಂದು, ನಿಮಗೇನು ನಷ್ಟ?" ಎನ್ನುತ್ತಿದ್ದಳು.

ಮೂಗಿನಕ್ಕನಿಗೆ ತನ್ನವರೆಂದು ಇದ್ದವಳು ಒಬ್ಬಳು ತಂಗಿ. ತಾಯಿ ಸತ್ತಾಗ ತಂಗಿ ತೆವಳುವ ಕೂಸು. ಅವಳನ್ನು ಸೊಂಟದ ಮೇಲೆ ಹೊತ್ತು ಹೊತ್ತು ಅಕ್ಕನ ಸೊಂಟವೇ ಒಂದು ಕಡೆಗೆ ವಾಲಿತ್ತು. ಕೊನೆಯವರೆಗೂ ಹಾಗೆಯೇ ನಡೆದಳು. ತಾನು ಮದುವೆಯಾಗಲಿಲ್ಲ, ತಂಗಿಗೆ ಮಾಡಿಸಿದಳು. ತಂಗಿ ಗಂಡನ ಜೊತೆ ದೂರದ ನಗರಕ್ಕೆ ಹೋದಳು. ನೆಲದ ಮೇಲೆ ಹೊರಟರೆ ದಿನಗಟ್ಟಲೆ ದಾರಿ, ಹಾಗಾಗಿ ಹೋಗಿ ಬರುವುದು ಕಡಿಮೆ. ಒಂದು ದಿನ ಫೋನು ಬಂತು. ತಂಗಿಯ ಎದೆಯಲ್ಲಿ ಏನೋ ಕೆಟ್ಟಿದೆ, ಆಪರೇಷನ್ ಆಗಬೇಕು, ಆದರೆ ಅವಳು ಹಟ ಹಿಡಿದಿದ್ದಾಳೆ: ಅಕ್ಕನ ಮುಖ ನೋಡಿಯೇ ಒಳಗೆ ಹೋಗುವುದು ಎಂದು. ತಂಗಿಯ ಗಂಡನೇ ವಿಮಾನದ ಟಿಕೆಟ್ಟು ತೆಗೆಸಿದ. ಬೆಳಗ್ಗೆ ಹತ್ತಿದರೆ ಮಧ್ಯಾಹ್ನಕ್ಕೆ ತಲುಪಬಹುದು, ಆಪರೇಷನ್ ಸಂಜೆಗೆ.

ವಿಮಾನದ ಬಟ್ಟೆಗೇ ಜನ್ಮ ಸವೆಸಿದವಳು, ವಿಮಾನದ ಒಳಗನ್ನು ಕಂಡವಳಲ್ಲ. ಹಿಂದಿನ ದಿನ ಮೇಜಿನ ಸುತ್ತ ಅದೇ ತಮಾಷೆ.

"ಮೂಗಿನಕ್ಕ, ನಿನ್ನ ಮೂಗಿಗೂ ಒಂದು ಸೀಟು ತಗೊಂಡಿದ್ದಾರಂತಾ?"

"ನನ್ನ ಮೂಗು ಕಿಟಕಿ ಪಕ್ಕ ಕೂರುತ್ತೆ. ನಾನು ನಿಂತ್ಕೊಂಡು ಹೋಗ್ತೀನಿ, ನಿಂಗೇನೇ?"

ಮಾರನೆಯ ದಿನ ಮಧ್ಯಾಹ್ನವಾಗಿರಲಿಲ್ಲ, ಕಾರ್ಖಾನೆಯ ಬಾಗಿಲಲ್ಲಿ ಚೀಲ ಹಿಡಿದು ಮೂಗಿನಕ್ಕ ನಿಂತಿದ್ದಳು. ಮನೆಗೆ ಹೋಗದೆ ನೇರ ಅಲ್ಲಿಗೇ ಬಂದಿದ್ದಳು. ಪೆಟ್ಟಿಗೆಗಳೆಲ್ಲ ತಾವಾಗಿಯೇ ಮೇಲೆದ್ದವು.

ನಡೆದದ್ದನ್ನು ಅವಳು ಹೇಳಿದ್ದು ಸಾವಧಾನಿಗೆ, ಮೂಟೆಗಳ ನಡುವೆ ಕೂತು. ವಿಮಾನದ ಬಾಗಿಲು ಇನ್ನೂ ತೆರೆದಿತ್ತು. ಜನ ಕೂರುತ್ತಿದ್ದರು, ಕವರು ಬಿಚ್ಚಿ ಹೊದಿಕೆ ತೆಗೆಯುತ್ತಿದ್ದರು. ಆಗ ಕಮರು ವಾಸನೆ ಬಂತು. ಒಂದು ಸಲ ಅಲ್ಲ, ಬಂತು, ಹೋಯಿತು, ಮತ್ತೆ ಬಂತು. ಗಗನಸಖಿಯನ್ನು ಕರೆದು ಹೇಳಿದಳು. ಆ ಹುಡುಗಿ ನಕ್ಕು, "ಮೊದಲನೇ ಸಲ ಅಲ್ವಾ ಅಮ್ಮ, ಹಾಗೆಲ್ಲ ಅನ್ಸುತ್ತೆ" ಎಂದಳು. ಇವಳು ಬಿಡಲಿಲ್ಲ. ವಿಮಾನದ ಸಿಬ್ಬಂದಿಯಲ್ಲಿ ಹಿರಿಯವನೊಬ್ಬ ಬಂದು ಮೂಗು ಹಿಗ್ಗಿಸಿ ಮೂಸಿ ನೋಡಿ, ಏನೂ ಇಲ್ಲ ಎಂದು ತಲೆಯಾಡಿಸಿದ. ಹಿಂದಿನ ಸಾಲಿನವನೊಬ್ಬ, "ಅಜ್ಜಿಗೆ ಒಲೆ ನೆನಪಾಗಿರಬೇಕು" ಎಂದ. ಸುತ್ತಲಿನವರು ನಕ್ಕರು. ಇಳಿಯಬೇಡ, ತಂಗಿ ಕಾಯುತ್ತಿದ್ದಾಳೆ ಎಂದು ಮನಸ್ಸು. ಎತ್ತು, ಆಮೇಲೆ ಕೇಳು ಎಂದು ಮೈ. ಹಿರಿಯವನು, "ಇಳಿಯೋದಾದ್ರೆ ಈಗಲೇ ಹೇಳಿ, ಬಾಗಿಲು ಹಾಕಿದ ಮೇಲೆ ಆಗಲ್ಲ" ಎಂದ.

"ಇಳಿದುಬಿಟ್ಟೆ ಕಣೆ. ನನ್ನ ಚೀಲ ಹುಡುಕಿ ತೆಗೆಯೋವರೆಗೆ ವಿಮಾನ ನಿಲ್ಸಿದ್ರು. ಕಿಟಕಿಯಿಂದ ಎಷ್ಟು ಜನ ಶಾಪ ಹಾಕಿದ್ರೋ."

"ಮತ್ತ್ಯಾರಿಗೂ ವಾಸನೆ ಬರ್ಲಿಲ್ವಾ, ಅಕ್ಕ?"

"ಕೂಸು ಎತ್ಕೊಂಡಿದ್ದವಳು ಒಬ್ಬಳು ನನ್ನನ್ನೇ ನೋಡ್ತಾ ಅರ್ಧ ಎದ್ದಳು. ಗಂಡ ಕೈ ಹಿಡಿದು ಎಳೆದ. ಕೂತ್ಕೊಂಡಳು."

ಮುಂದಿನ ವಿಮಾನ ಇದ್ದದ್ದು ಮರುದಿನ ಬೆಳಗ್ಗೆ. ಅವಳು ಇಳಿದುಬಂದ ವಿಮಾನ ಆ ಮಧ್ಯಾಹ್ನ ಅಲ್ಲಿ ತಲುಪಬೇಕಿತ್ತು. ಎಲ್ಲರ ಕಿವಿಯೂ ಮೇಸ್ತ್ರಿಯ ಕೋಣೆಯ ಫೋನಿನ ಮೇಲೆ. ಅದು ಹೊಡೆದುಕೊಂಡಾಗ ಮೂಗಿನಕ್ಕ ಓಡಿದಳು, ಸಾವಧಾನಿ ಹಿಂದೆಯೇ. ಆ ಕಡೆಯಿಂದ ತಂಗಿಯ ಗಂಡ ಮಾತಾಡಿದ್ದು ಇವಳಿಗೂ ಕೇಳಿಸಿತು.

"ಅಕ್ಕ, ವಿಮಾನ ಬಂತು. ಬಂದವರೆಲ್ಲ ನಗ್ತಾ ನಗ್ತಾ ಹೊರಗೆ ಬಂದ್ರು. ನೀವೊಬ್ಬರೇ ಇಲ್ಲ."

"ಎಲ್ಲರೂ ಚೆನ್ನಾಗಿದ್ದಾರಾ? ಒಂದು ಕೂಸಿತ್ತು."

"ಕೂಸಾ? ನಿಮ್ಮ ತಂಗಿ ಬಾಗಿಲನ್ನೇ ನೋಡ್ತಾ ಮಲಗಿದ್ದಾಳೆ. ಅವಳಿಗೇನು ಹೇಳ್ಲಿ?"

"ನಾಳೆ ಬೆಳಗ್ಗೆ ಬರ್ತೀನಿ ಅಂತ ಹೇಳಪ್ಪ. ಆಪರೇಷನ್ ನಾಳೆ ಇಟ್ಕೊಳ್ಳೋಕೆ ಹೇಳು."

ಡಾಕ್ಟರು ಕಾಯಲಿಲ್ಲ, ರೋಗ ಅವರನ್ನು ಕಾಯಗೊಡಲಿಲ್ಲ. ಸಂಜೆ ಒಳಗೆ ಹೋದ ತಂಗಿಗೆ ಮತ್ತೆ ಎಚ್ಚರವಾಗಲಿಲ್ಲ. ಮೂಗಿನಕ್ಕ ಮರುದಿನ ವಿಮಾನ ಹತ್ತಿ ಹೋದಳು. ಆ ವಿಮಾನದಲ್ಲಿ ಏನು ವಾಸನೆಯಿತ್ತೋ, ಇರಲಿಲ್ಲವೋ, ಅವಳು ಗಮನಿಸಲಿಲ್ಲ. ಹೋಗಿ ನೋಡಿದ್ದು ಮುಚ್ಚಿದ ಕಣ್ಣನ್ನು.

ವಿಮಾನ ಬಿದ್ದಿದ್ದರೆ ಅವಳು ದೇವತೆಯಾಗುತ್ತಿದ್ದಳು, ಬೀಳಲಿಲ್ಲವಾದ್ದರಿಂದ ಹುಚ್ಚಿಯಾದಳು. ಎರಡಕ್ಕೂ ಅವಳು ಮಾಡಿದ್ದು ಒಂದೇ ಕೆಲಸ, ಇಳಿದದ್ದು. ತಂಗಿಯ ಗಂಡ ಮತ್ತೆಂದೂ ಫೋನು ಮಾಡಲಿಲ್ಲ. ಊರ ಬಾಯಿಗೆ ಬೀಗವಿಲ್ಲ. ಹೆತ್ತ ತಾಯಿಯಂತೆ ಸಾಕಿದವಳೇ ತಂಗಿಯನ್ನು ಕೈಬಿಟ್ಟಳು ಎಂಬ ಮಾತು ಅವಳ ಬೀದಿಗೂ ಬಂತು, ನಲ್ಲಿಯ ಬಳಿಗೂ ಬಂತು.

ಅವಳು ಕೆಲಸಕ್ಕೆ ಮರಳಿದ ಕೆಲವು ದಿನಗಳ ಮೇಲೆ ಒಂದು ಮೂಟೆ ವಾಪಸು ಬಂತು. ಲೆಕ್ಕ ತಪ್ಪಿ ವಿಮಾನಕ್ಕೆ ಹೆಚ್ಚು ಹೋಗಿದ್ದ ಹೊದಿಕೆಗಳು, ಪ್ಲಾಸ್ಟಿಕ್ ಕವರು ಬಿಚ್ಚಿರಲಿಲ್ಲ. ಲಾರಿ ನಿಂತಿದೆ, ಬೇಗ ಬೇಗ ಎಂದು ಮೇಸ್ತ್ರಿ ಇಸ್ತ್ರಿಯ ಬಿಸಿ ಆರುವ ಮೊದಲೇ ಹೊದಿಕೆಗಳನ್ನು ಕವರಿಗೆ ತುಂಬಿಸುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಮೂಗಿನಕ್ಕ ಒಂದು ಕವರು ಬಿಚ್ಚಿದಳು. ಒಳಗಿನ ಗಾಳಿ ಹೊರಗೆ ಬಂತು. ಎದುರಿಗಿದ್ದ ಸಾವಧಾನಿಯ ಮೂಗಿಗೂ ಬಡಿಯಿತು: ಕಮರು, ಬಿಸಿಯನ್ನು ಮುಚ್ಚಿಟ್ಟ ಕಮರು.

ಮೂಗಿನಕ್ಕ ಕವರಿನ ಬಾಯಿ ಮತ್ತೆ ಮಡಚಿದಳು. ನಿಧಾನವಾಗಿ, ಮೂಲೆಗೆ ಮೂಲೆ ಸೇರಿಸಿ.

"ಇದೇನಾ ಅಕ್ಕ, ಅವತ್ತು ವಿಮಾನದಲ್ಲಿ ಬಂದದ್ದು?" ಎಂದು ಸಾವಧಾನಿ ಮೆಲ್ಲಗೆ ಕೇಳಿದಳು.

"ಇದೂ ಇತ್ತು" ಎಂದಳು ಅವಳು.

ಇನ್ನೇನಿತ್ತು ಎಂದು ಸಾವಧಾನಿ ಕೇಳಲಿಲ್ಲ. ಮುಳುಗುವವಳು ಹಿಡಿದ ಹುಲ್ಲುಕಡ್ಡಿಯನ್ನು ಕೀಳುವುದು ಯಾವ ನ್ಯಾಯ? ಮೇಜಿನ ಎಲ್ಲರಿಗೂ ಸಂಜೆಯೊಳಗೆ ವಿಷಯ ಗೊತ್ತಾಗಿತ್ತು. ಅಂದಿನಿಂದ ಕಟ್ಟಳೆ ಸಡಿಲವಾಯಿತು. ಮೂಗಿನಕ್ಕ "ಎತ್ರೇ" ಎಂದರೆ ಪೆಟ್ಟಿಗೆಗಳು ಮೊದಲಿನ ಹಾಗೆ ಒಟ್ಟಿಗೆ ಏಳುತ್ತಿರಲಿಲ್ಲ. ಒಬ್ಬಳು ಇನ್ನೊಬ್ಬಳ ಮುಖ ನೋಡುತ್ತಿದ್ದಳು. ಮೇಸ್ತ್ರಿ ಕೋಣೆಯಿಂದಲೇ ಕೇಳುತ್ತಿದ್ದ: "ಏನು ಮೂಗಿನಕ್ಕ, ಇಳೀಲಾ?"

ಮೊದಮೊದಲು ಅವಳು ತಿರುಗಿ ಬೈಯುತ್ತಿದ್ದಳು. ಆಮೇಲೆ ಕೂಗುವುದನ್ನೇ ಬಿಟ್ಟಳು. ಹೊಸದಾಗಿ ಸೇರಿದ ಹೆಂಗಸೊಬ್ಬಳ ಪೆಟ್ಟಿಗೆಯ ವೈರು ಹಿಡಿಯ ಹತ್ತಿರ ಒಳಗೊಳಗೇ ಸುಡುತ್ತಿದ್ದ ದಿನವೂ ಯಾರೂ ಕೂಗಲಿಲ್ಲ. ಹೊತ್ತಿಕೊಂಡಾಗ ಆ ಹೆಂಗಸಿನ ಮುಂಗೈ ಬೆಂದಿತು. ಮುಲಾಮು ಹಚ್ಚುವಾಗ ಸಾವಧಾನಿ, "ವಾಸನೆ ಬರ್ಲಿಲ್ವೇನೇ?" ಎಂದಳು.

"ಬಂತು. ನಗ್ತಾರೇನೋ ಅಂತ ಸುಮ್ನಿದ್ದೆ."

ಆಚೆ ತುದಿಯಲ್ಲಿ ಮೂಗಿನಕ್ಕ ತಲೆ ತಗ್ಗಿಸಿ ಬಿಳಿ ಬಟ್ಟೆಯ ಮೇಲೆ ಪೆಟ್ಟಿಗೆ ಎಳೆಯುತ್ತಲೇ ಇದ್ದಳು. ಆ ಉಗಿಯಲ್ಲಿ ಅವಳ ಮುಖ ಕಾಣಿಸಲಿಲ್ಲ. ತನಗೂ ವಾಸನೆ ಬಂದಿತ್ತು ಎಂದು ಅವಳು ಹೇಳಲಿಲ್ಲ. ಬಂದಿರದೆ ಇರಲು ಸಾಧ್ಯವಿಲ್ಲ ಎಂಬುದು ಸಾವಧಾನಿಗೆ ಗೊತ್ತಿತ್ತು.

ವಯಸ್ಸಾಗಿ ಇಬ್ಬರೂ ಕೆಲಸ ಬಿಟ್ಟರು. ಉಗಿ ಕುಡಿದು ಕುಡಿದು ಮೂಗಿನಕ್ಕನ ಎದೆ ಕೆಟ್ಟಿತ್ತು. ಅವಳ ಒಂಟಿ ಕೋಣೆಗೆ ಸಾವಧಾನಿ ದಿನಾ ಗಂಜಿ ಒಯ್ಯುತ್ತಿದ್ದಳು. ಮಾತು ಎಲ್ಲಿಂದ ಶುರುವಾದರೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು. "ಆ ಕೂಸಿನ ತಾಯಿ ಎದ್ದಿದ್ದಳು ಕಣೆ. ಸುಮ್ಸುಮ್ನೆ ಯಾರಾದ್ರೂ ಏಳ್ತಾರಾ?" ಎನ್ನುತ್ತಿದ್ದಳು. ತಲೆಯ ಮೇಲೆ ವಿಮಾನ ಹಾದುಹೋದರೆ ಅದು ಪೂರ್ತಿ ದೂರವಾಗುವವರೆಗೆ ಮಾತು ನಿಲ್ಲಿಸುತ್ತಿದ್ದಳು.

ಕೊನೆಯ ದಿನ ಸಾವಧಾನಿ ದಿಂಬು ಸರಿಮಾಡಿ ಪಕ್ಕದಲ್ಲಿ ಕೂತಿದ್ದಳು. ಗಂಜಿ ಮುಟ್ಟಿರಲಿಲ್ಲ. ಕಣ್ಣು ಮುಚ್ಚಿ ಮಲಗಿದ್ದವಳ ಮೂಗಿನ ಹೊಳ್ಳೆಗಳು ಮೆಲ್ಲಗೆ ಅಗಲವಾದವು, ಮೇಜಿನ ತುದಿಯಲ್ಲಿ ನಿಂತಿದ್ದಾಗ ಆಗುತ್ತಿದ್ದ ಹಾಗೆಯೇ. ಕೈ ಹೊದಿಕೆಯಿಂದ ಒಂದಿಷ್ಟು ಮೇಲೆದ್ದು ನಿಂತಿತು. ಸಾವಧಾನಿ ಒಲೆಯ ಕಡೆ ನೋಡಿದಳು, ಆರಿಸಿತ್ತು. ಸ್ವಿಚ್ಚಿನ ಕಡೆ ನೋಡಿದಳು, ಅಲ್ಲೂ ಏನಿಲ್ಲ. ಈಗ "ಎತ್ರೇ" ಎನ್ನುತ್ತಾಳೆ ಎಂದುಕೊಂಡಳು.

ಮೂಗಿನಕ್ಕ ಕಣ್ಣು ತೆರೆದು ಅವಳ ಮುಖವನ್ನು ಹುಡುಕಿದಳು.

"ನಿಂಗೂ ಬರ್ತಿದೆಯಾ," ಎಂದು ಕೇಳಿದಳು, "ಇಲ್ಲ ನನಗೊಬ್ಬಳಿಗೇನಾ?"